ಅಲಿ ಇವತ್ತು ರಿಂಗಿಗೆ ಇಳಿದಿದ್ದರೆ?

ಹೋದ ಸಂಚಿಕೆಯಲ್ಲಿ ಉಕ್ರೇನಿನ ಬಾಕ್ಸರ್ ಒಲೆಕ್ಸಾಂಡರ್ ಉಸಿಕ್ ಬಗ್ಗೆ ಅರ್ಧ ಪುಟ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಾದದ ಸುತ್ತ ಇವೆ. ಹೆವಿವೇಟ್ ಬಾಕ್ಸಿಂಗ್‌ನಲ್ಲಿ, ಅಂದರೆ ಅತಿ ಹೆಚ್ಚು ತೂಕದವರ ವಿಭಾಗದಲ್ಲಿ, ಹಳೇ ಚಾಂಪಿಯನ್ನರು ದೊಡ್ಡವರೋ, ಈಗಿನವರೋ? ನಲವತ್ತು ವರ್ಷದಿಂದ ನಾನೂ ಇದೇ ಯೋಚನೆ ಮಾಡುತ್ತಾ ಬಂದಿದ್ದೇನೆ. ಹಾಗಾಗಿ ಈ ಸಲದ ಜಾಗವೆಲ್ಲ ಅದಕ್ಕೇ.

ನಮ್ಮ ತಾತ "ಅಲಿ ಮುಂದೆ ಇವರೆಲ್ಲ ಯಾವ ಲೆಕ್ಕ" ಅಂತಾರೆ. ಈಗಿನ ಬಾಕ್ಸರ್ ಟೈಸನ್ ಫ್ಯೂರಿ ಆರು ಅಡಿ ಒಂಬತ್ತು ಇಂಚು ಇದ್ದಾನೆ, 120 ಕೆ.ಜಿ. ತೂಗುತ್ತಾನೆ. ಅವನ ಮುಂದೆ ಅಲಿ ನಿಲ್ಲೋಕಾದರೂ ಆಗುತ್ತಿತ್ತಾ? ನಮ್ಮಿಬ್ಬರಲ್ಲಿ ಯಾರದು ಸರಿ ಸಾರ್?
– ಕಾಲೇಜು ವಿದ್ಯಾರ್ಥಿ, ದಾವಣಗೆರೆ

ನೋಡಪ್ಪಾ, ಮೊದಲು ನಿನ್ನ ಮಾತಿನಲ್ಲಿರುವ ನಿಜ ಹೇಳಿಬಿಡುತ್ತೇನೆ. ತೂಕ ಸಣ್ಣ ವಿಷಯ ಅಲ್ಲ. ಸೇನೆಯಲ್ಲಿದ್ದಾಗ ನಾನು 67 ಕೆ.ಜಿ.ಯಲ್ಲಿ ಆಡುತ್ತಿದ್ದೆ. ಒಂದು ದಿನ ನನ್ನ ಜೋಡಿ ರಜೆಯಲ್ಲಿದ್ದ ಅಂತ ನನ್ನನ್ನು 85 ಕೆ.ಜಿ.ಯವನ ಜೊತೆ ಸ್ಪಾರಿಂಗಿಗೆ, ಅಂದರೆ ಅಭ್ಯಾಸದ ಆಟಕ್ಕೆ, ಇಳಿಸಿದರು. ಅವನ ಪಂಚುಗಳು ನನಗೆ ಅಷ್ಟಾಗಿ ಬೀಳಲೇ ಇಲ್ಲ, ತಪ್ಪಿಸಿಕೊಂಡೆ. ಆದರೆ ಹತ್ತಿರ ಹೋದಾಗಲೆಲ್ಲ ಅವನು ಮುಂಗೈಯನ್ನು ನನ್ನ ಕತ್ತಿನ ಹಿಂದೆ ಹಾಕಿ ಮೈಭಾರ ಪೂರ್ತಿ ಮೇಲೆ ಬಿಡುತ್ತಿದ್ದ. ಬೆನ್ನ ಮೇಲೆ ಅಕ್ಕಿ ಮೂಟೆ ಇಟ್ಟುಕೊಂಡು ಆಡಿದ ಹಾಗೆ. ಮೂರನೇ ರೌಂಡ್ ಮುಗಿಯುವಾಗ ತೊಡೆ ನಡುಗುತ್ತಿತ್ತು. ಮರುದಿನ ಬೆಳಿಗ್ಗೆ ಸ್ನಾನಕ್ಕೆ ಹೋದರೆ ಚೊಂಬನ್ನು ತಲೆಯ ತನಕ ಎತ್ತಲು ಆಗಲಿಲ್ಲ.

ಈಗಿನ ದೈತ್ಯರ ನಿಜವಾದ ಆಯುಧ ಇದೇ. 2020ರ ಫೆಬ್ರುವರಿಯಲ್ಲಿ ಲಾಸ್ ವೇಗಸ್‌ನಲ್ಲಿ ಫ್ಯೂರಿ ಡಿಯಾಂಟೆ ವೈಲ್ಡರನನ್ನು ಏಳನೇ ರೌಂಡಿನಲ್ಲಿ ಮುಗಿಸಿದ. ಆ ದಿನ ಫ್ಯೂರಿ 124 ಕೆ.ಜಿ. ಇದ್ದ, ವೈಲ್ಡರ್ 105. ಎಲ್ಲರೂ ಪಂಚುಗಳನ್ನೇ ನೋಡುತ್ತಾರೆ. ನೀನು ಇನ್ನೊಂದು ಸಲ ನೋಡುವಾಗ ಕ್ಲಿಂಚ್ ನೋಡು. ಅಪ್ಪಿಕೊಂಡಾಗಲೆಲ್ಲ ಫ್ಯೂರಿ ಅವನ ಕತ್ತಿನ ಮೇಲೆ ಒರಗುತ್ತಾನೆ. ವೈಲ್ಡರನ ಕಾಲು ಮೊದಲು ಸತ್ತದ್ದು ಅಲ್ಲಿ.

ಈಗ ತಾತನ ಕಡೆಗೆ ಬರೋಣ. ಮುಹಮ್ಮದ್ ಅಲಿ ಆರು ಅಡಿ ಮೂರು ಇಂಚು ಎತ್ತರ. 1974ರಲ್ಲಿ ಆಗಿನ ಚಾಂಪಿಯನ್ ಜಾರ್ಜ್ ಫೋರ್‌ಮನ್ ಎದುರು ಆಡಿದಾಗ ಸುಮಾರು 98 ಕೆ.ಜಿ. ಇದ್ದ. ಉಸಿಕ್ ಕೂಡ ಆರು ಅಡಿ ಮೂರು ಇಂಚು. 2024ರ ಮೇ 18ರಂದು ರಿಯಾದ್‌ನಲ್ಲಿ ಫ್ಯೂರಿಯ ಎದುರು ಇಳಿದಾಗ ಅವನ ತೂಕ 101 ಕೆ.ಜಿ. ಆಸುಪಾಸು, ಫ್ಯೂರಿಯದು ಸುಮಾರು 119. ಅಲಿಯ ಅಳತೆಯ ಮನುಷ್ಯ ಫ್ಯೂರಿಯ ಮುಂದೆ ನಿಂತರೆ ಏನಾಗುತ್ತದೆ ಅಂತ ನಾವು ಊಹೆ ಮಾಡಬೇಕಾಗಿಯೇ ಇಲ್ಲ, ಅಲ್ವಾ? ಕಣ್ಣಾರೆ ನೋಡಿದ್ದೇವೆ, ಅದೂ ಎರಡು ಸಲ.

ಮೊದಲನೇ ಸಲ ಮಧ್ಯದ ರೌಂಡುಗಳಲ್ಲಿ ಉಸಿಕ್ ತುಂಬಾ ಕಷ್ಟಪಟ್ಟ. ಫ್ಯೂರಿಯ ಅಪ್ಪರ್‌ಕಟ್ ಕೆಳಗಿನಿಂದ ಬರುತ್ತಿತ್ತು, ಹೊಟ್ಟೆಗೂ ಬೀಳುತ್ತಿತ್ತು. ಆದರೆ ಅವನ ಕಾಲು ನಿಲ್ಲಲಿಲ್ಲ. ಉಸಿಕ್ ಎಡಗೈ ಆಟಗಾರ, ನಾವು ಸೌತ್‌ಪಾ ಅಂತೀವಲ್ಲ, ಅದು. ಅವನ ಬಲ ಪಾದ ಯಾವಾಗಲೂ ಎದುರಾಳಿಯ ಎಡ ಪಾದದ ಹೊರಗೆ ಬೀಳುತ್ತದೆ. ಅರ್ಧ ಹೆಜ್ಜೆ ಅಷ್ಟೇ. ಆ ಅರ್ಧ ಹೆಜ್ಜೆಯಿಂದ ಅವನ ಎಡಗೈಗೆ ದಾರಿ ತೆರೆಯುತ್ತದೆ, ಎದುರಿನವನಿಗೆ ಮುಚ್ಚಿಹೋಗುತ್ತದೆ. ಒಂಬತ್ತನೇ ರೌಂಡಿನಲ್ಲಿ ಆ ಎಡಗೈ ಕೂತಿತು. ಫ್ಯೂರಿ ಒಂದು ಹಗ್ಗದಿಂದ ಇನ್ನೊಂದು ಹಗ್ಗಕ್ಕೆ ತೂರಾಡಿದ, ರೆಫ್ರಿ ಎಣಿಸಬೇಕಾಯಿತು. ಗಂಟೆ ಹೊಡೆದದ್ದರಿಂದ ಬಚಾವಾದ. ಡಿಸೆಂಬರಿನಲ್ಲಿ ಮತ್ತೆ ಆಡಿದಾಗ ಫ್ಯೂರಿ 127 ಕೆ.ಜಿ. ದಾಟಿದ್ದ. ಮೂವರು ಜಡ್ಜ್‌ಗಳೂ 116-112 ಅಂತ ಉಸಿಕ್‌ಗೇ ಕೊಟ್ಟರು.

ಆದರೆ ಉಸಿಕ್ ಗೆದ್ದ ಅಂದ ಮಾತ್ರಕ್ಕೆ ಅಲಿ ಗೆಲ್ಲುತ್ತಿದ್ದ ಅಂತ ಹೇಳಲು ಬರುವುದಿಲ್ಲ. ಉಸಿಕ್ ಕೈ ಮೇಲೆ ಇಟ್ಟು ಆಡುತ್ತಾನೆ. ಅಲಿ ಕೈ ಕೆಳಗೆ ಬಿಟ್ಟು, ತಲೆಯನ್ನು ನೇರ ಹಿಂದಕ್ಕೆ ಎಳೆದುಕೊಂಡು ತಪ್ಪಿಸಿಕೊಳ್ಳುತ್ತಿದ್ದ. ನನ್ನ ಹುಡುಗರು ಹಾಗೆ ಮಾಡಿದರೆ ನಾನು ಆಟ ನಿಲ್ಲಿಸಿ ಬೈಯುತ್ತೇನೆ. ಅಲಿಗೆ ಅದು ನಡೆಯುತ್ತಿತ್ತು, ಯಾಕೆಂದರೆ ಎದುರಾಳಿಯ ಕೈ ಅವನಿಗಿಂತ ಉದ್ದ ಇರುತ್ತಿದ್ದದ್ದು ಕಡಿಮೆ. ಫ್ಯೂರಿ ಎರಡೂ ಕೈ ಚಾಚಿದರೆ ಏಳು ಅಡಿ ಒಂದು ಇಂಚು. ಆ ಕೈ ಹಿಂದೆ ಸರಿದ ತಲೆಯನ್ನೂ ಮುಟ್ಟುತ್ತದೆ.

ಹಾಗಾದರೆ ಯಾರು ಗೆಲ್ಲುತ್ತಾರೆ? 1966ರ ಅಲಿಯನ್ನು ಕೊಡು, ಇಪ್ಪತ್ನಾಲ್ಕು ವರ್ಷದವನನ್ನು. ಆ ವರ್ಷ ನವೆಂಬರಿನಲ್ಲಿ ಹ್ಯೂಸ್ಟನ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್ ಎದುರು ಆಡಿದ ಅಲಿ ಎರಡು ಹೆಜ್ಜೆ ಹಿಂದೆ ಹೋಗುತ್ತಲೇ ನಾಲ್ಕು ಪಂಚ್ ಹೊಡೆಯುತ್ತಿದ್ದ. ಅವನನ್ನು ಹಿಡಿದು ಮೇಲೆ ಒರಗಬೇಕಾದರೆ ಮೊದಲು ಅವನು ಕೈಗೆ ಸಿಗಬೇಕು. ಆ ಅಲಿ ಫ್ಯೂರಿಯನ್ನು ಪಾಯಿಂಟ್ ಮೇಲೆ ಸೋಲಿಸುತ್ತಾನೆ ಅಂತ ನಾನು ನಂಬುತ್ತೇನೆ. 1974ರ ಅಲಿಯನ್ನು ಕೊಟ್ಟರೆ ಮಾತ್ರ ಫ್ಯೂರಿ ಗೆಲ್ಲುತ್ತಾನೆ. ಆ ಹೊತ್ತಿಗೆ ಅಲಿಯ ಕಾಲು ನಿಧಾನವಾಗಿತ್ತು. ಫೋರ್‌ಮನ್ ಎದುರು ಮಾಡಿದ ಹಾಗೆ ಹಗ್ಗಕ್ಕೆ ಒರಗಿ ನಿಲ್ಲುವುದು, 125 ಕೆ.ಜಿ.ಯವನನ್ನು ಮೈಮೇಲೆ ಹಾಕಿಕೊಂಡು, ಆಗದ ಮಾತು.

ಎರಡು ಕಾಲದವರನ್ನು ಹೋಲಿಸೋದೇ ತಪ್ಪು, ಅದಕ್ಕೆ ಅಳತೆಗೋಲೇ ಇಲ್ಲ ಅಂತ ನನ್ನ ಗೆಳೆಯ ವಾದ ಮಾಡುತ್ತಾನೆ. ನೀವೇನಂತೀರಿ?
– ಬ್ಯಾಂಕ್ ನೌಕರರು, ಶಿವಮೊಗ್ಗ

ಅಳತೆಗೋಲು ಇದೆ ಸ್ವಾಮಿ. ಎರಡೂ ಕಾಲದಲ್ಲಿ ಆಡಿದ ಮನುಷ್ಯರೇ ಆ ಅಳತೆಗೋಲು. ನನ್ನ ಮಟ್ಟಿಗೆ ಅಂಥವರಲ್ಲಿ ದೊಡ್ಡವನು ಜಾರ್ಜ್ ಫೋರ್‌ಮನ್. ಅವನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಕ್ಷಮಿಸಿ.

1974ರ ಅಕ್ಟೋಬರ್ 30, ಜೈರ್ (ಈಗಿನ ಕಾಂಗೊ) ದೇಶದ ಕಿನ್ಶಾಸಾ. ಅಲ್ಲಿನ ಬೆಳಗಿನ ಜಾವ ನಾಲ್ಕು ಗಂಟೆ. ಫೋರ್‌ಮನ್‌ಗೆ ಆಗ 25 ವರ್ಷ. ಒಂದೂ ಆಟ ಸೋಲದವನು. ಅಲಿಗೆ 32. ಎಂಟನೇ ರೌಂಡ್ ಕೊನೆಯಾಗುವ ಹೊತ್ತಿಗೆ ಅಲಿ ಹಗ್ಗದಿಂದ ಹೊರಬಂದು ಎಡ ಬಲ ಹೊಡೆದ. ಫೋರ್‌ಮನ್ ಗಿರ್ರನೆ ತಿರುಗುತ್ತಾ ಬಿದ್ದ. ಅವನು ಬೀಳುತ್ತಿರುವಾಗ ಅಲಿಯ ಬಲಗೈ ಇನ್ನೊಂದು ಪಂಚಿಗೆ ಸಿದ್ಧವಾಗಿತ್ತು. ಅಲಿ ಅದನ್ನು ಹೊಡೆಯಲಿಲ್ಲ. ಕೈ ಎತ್ತಿಕೊಂಡೇ ಸುತ್ತ ಸರಿದು, ಅವನು ಬೀಳುವುದನ್ನು ನೋಡಿದ. ಆ ಒಂದು ಕ್ಷಣವನ್ನು ನಾನು ನನ್ನ ಹುಡುಗರಿಗೆ ಎಷ್ಟು ಸಲ ತೋರಿಸಿದ್ದೇನೋ ಲೆಕ್ಕ ಇಲ್ಲ.

ಫೋರ್‌ಮನ್ 1977ರಲ್ಲಿ ಬಾಕ್ಸಿಂಗ್ ಬಿಟ್ಟ. ಹ್ಯೂಸ್ಟನ್‌ನಲ್ಲಿ ಚರ್ಚಿನ ಬೋಧಕನಾದ. ಹತ್ತು ವರ್ಷ ಗ್ಲೌಸ್ ಮುಟ್ಟಲಿಲ್ಲ. 1987ರಲ್ಲಿ ವಾಪಸ್ ಬಂದಾಗ ಮೈ ದಪ್ಪಗಾಗಿತ್ತು, ತಲೆ ಬೋಳಾಗಿತ್ತು. 1991ರಲ್ಲಿ, 42ನೇ ವಯಸ್ಸಿನಲ್ಲಿ, ಆಗಿನ ಚಾಂಪಿಯನ್ ಇವಾಂಡರ್ ಹೋಲಿಫೀಲ್ಡ್ ಎದುರು ಪೂರ್ತಿ ಹನ್ನೆರಡು ರೌಂಡ್ ಆಡಿದ. ರೌಂಡುಗಳ ನಡುವೆ ಸ್ಟೂಲ್ ಮೇಲೆ ಕೂರುತ್ತಲೂ ಇರಲಿಲ್ಲ. ಸೋತ, ಆದರೆ ಪಾಯಿಂಟ್ ಮೇಲೆ. ಅದೇ ಹೋಲಿಫೀಲ್ಡ್ ಆಮೇಲೆ ಮೈಕ್ ಟೈಸನ್‌ನನ್ನು ಸೋಲಿಸಿದ.

1994ರ ನವೆಂಬರ್ 5ರಂದು ಫೋರ್‌ಮನ್‌ಗೆ 45 ವರ್ಷ. ಎದುರಿಗೆ 26 ವರ್ಷದ ಚಾಂಪಿಯನ್ ಮೈಕೆಲ್ ಮೂರರ್. ಫೋರ್‌ಮನ್ ಕಿನ್ಶಾಸಾದಲ್ಲಿ ಹಾಕಿದ್ದ ಅದೇ ಕೆಂಪು ಚಡ್ಡಿ ಹಾಕಿಕೊಂಡು ಬಂದ. ಇಪ್ಪತ್ತು ವರ್ಷದ ಹಿಂದೆ ಅಲಿಯ ಮೂಲೆಯಲ್ಲಿ ನಿಂತು ಅವನನ್ನು ಸೋಲಿಸಲು ನೆರವಾಗಿದ್ದ ಕೋಚ್ ಏಂಜೆಲೊ ಡಂಡಿ ಈಗ ಅವನ ಮೂಲೆಯಲ್ಲೇ ನಿಂತಿದ್ದರು. ಒಂಬತ್ತು ರೌಂಡ್ ಮೂರರ್ ಹೊಡೆದ. ಮೂರೂ ಜಡ್ಜ್‌ಗಳ ಲೆಕ್ಕದಲ್ಲಿ ಫೋರ್‌ಮನ್ ಹಿಂದೆ ಇದ್ದ. ಹತ್ತನೇ ರೌಂಡಿನಲ್ಲಿ ಒಂದು ಎಡ ಜಾಬ್ (ಮುಂದಿನ ಕೈಯ ನೇರ ಪಂಚ್), ಅದರ ಹಿಂದೆಯೇ ಚಿಕ್ಕದೊಂದು ಬಲ. ಕೈ ಬೀಸಲೇ ಇಲ್ಲ, ಬಾಗಿಲು ತಳ್ಳಿದ ಹಾಗೆ ಇತ್ತು. ಮೂರರ್ ಎಣಿಕೆ ಮುಗಿದರೂ ಏಳಲಿಲ್ಲ. ಫೋರ್‌ಮನ್ ಮೂಲೆಯಲ್ಲಿ ಮಂಡಿಯೂರಿ ಪ್ರಾರ್ಥನೆ ಮಾಡಿದ.

ಲ್ಯಾರಿ ಹೋಮ್ಸ್ ಕೂಡ ಹೀಗೇ. 1980ರಲ್ಲಿ ಅಲಿಯನ್ನು ಸೋಲಿಸಿದವನು 1992ರಲ್ಲಿ, 42ನೇ ವಯಸ್ಸಿನಲ್ಲಿ, ಹೋಲಿಫೀಲ್ಡ್ ಎದುರು ಹನ್ನೆರಡು ರೌಂಡ್ ನಿಂತ. ಅದಕ್ಕೆ ನಾಲ್ಕು ವರ್ಷ ಮೊದಲು ಟೈಸನ್ ಇವನನ್ನೇ ನಾಲ್ಕು ರೌಂಡಿನಲ್ಲಿ ಮುಗಿಸಿದ್ದ. ಅದನ್ನೂ ಹೇಳದಿದ್ದರೆ ಮೋಸ ಆಗುತ್ತದೆ.

ಎಪ್ಪತ್ತರ ದಶಕದವರು ನಲವತ್ತು ದಾಟಿದ ಮೇಲೂ ತೊಂಬತ್ತರ ದಶಕದ ಚಾಂಪಿಯನ್ನರಿಗೆ ಬೆವರಿಳಿಸಿದರು ಅಂದರೆ, ಇಪ್ಪತ್ತೈದರಲ್ಲಿ ಅವರು ಏನು ಮಾಡುತ್ತಿದ್ದರು? ನಿಮ್ಮ ಗೆಳೆಯರಿಗೆ ಈ ಪ್ರಶ್ನೆ ಕೇಳಿ.

ಆದರೆ ಇದೇ ಲೆಕ್ಕವನ್ನು ಇನ್ನೂ ಹಿಂದಕ್ಕೆ ಎಳೆಯಬೇಡಿ. 1919ರ ಜುಲೈ 4ರಂದು ಓಹಾಯೊದ ಟೊಲೆಡೊದಲ್ಲಿ 85 ಕೆ.ಜಿ.ಯ ಜ್ಯಾಕ್ ಡೆಂಪ್ಸಿ 111 ಕೆ.ಜಿ.ಯ ಜೆಸ್ ವಿಲ್ಲಾರ್ಡ್‌ನನ್ನು ಮೊದಲ ರೌಂಡಿನಲ್ಲೇ ಏಳು ಸಲ ಕೆಡವಿದ. ಬಿದ್ದವನು ಏಳುವಾಗ ಡೆಂಪ್ಸಿ ಪಕ್ಕದಲ್ಲೇ ನಿಂತಿರುತ್ತಿದ್ದ, ಎದ್ದ ತಕ್ಷಣ ಮತ್ತೆ ಹೊಡೆಯುತ್ತಿದ್ದ. ದೂರದ ಮೂಲೆಗೆ ಹೋಗಬೇಕು ಅನ್ನುವ ನಿಯಮ ಆಗ ಇರಲಿಲ್ಲ. ಜೋ ಲೂಯಿಸ್ 1935ರಲ್ಲಿ 118 ಕೆ.ಜಿ.ಯ ಪ್ರಿಮೊ ಕಾರ್ನೆರಾನನ್ನು ಆರು ರೌಂಡಿನಲ್ಲಿ ಮುಗಿಸಿದ. ಆದರೆ ಆ ಕಾಲದ ದೈತ್ಯರಿಗೆ ಎತ್ತರ ಇತ್ತು, ಕಸುಬು ಕಡಿಮೆ. ಈಗಿನ ದೈತ್ಯರಿಗೆ ಕಸುಬೂ ಇದೆ. ಉಕ್ರೇನಿನ ಚಾಂಪಿಯನ್ನರಾಗಿದ್ದ ಕ್ಲಿಚ್ಕೊ ಅಣ್ಣತಮ್ಮಂದಿರು ಜಾಬ್ ಹೊಡೆದು, ಹಿಡಿದು, ಮತ್ತೆ ಜಾಬ್ ಹೊಡೆಯುತ್ತಿದ್ದ ರೀತಿಗೆ ಕಾರ್ನೆರಾನ ಕಾಲದಲ್ಲಿ ಉತ್ತರ ಇರಲಿಲ್ಲ.

ಇನ್ನೊಂದು ಮಾತು. 1915ರಲ್ಲಿ ಕಪ್ಪು ಚಾಂಪಿಯನ್ ಜ್ಯಾಕ್ ಜಾನ್ಸನ್ ಸೋತ ಮೇಲೆ 1937ರಲ್ಲಿ ಲೂಯಿಸ್‌ಗೆ ಅವಕಾಶ ಸಿಗುವ ತನಕ ಕಪ್ಪು ಬಾಕ್ಸರ್ ಒಬ್ಬನಿಗೂ ಹೆವಿವೇಟ್ ಪಟ್ಟಕ್ಕೆ ಆಡಲು ಬಿಡಲಿಲ್ಲ. ಹ್ಯಾರಿ ವಿಲ್ಸ್ ಅನ್ನುವ ಒಳ್ಳೆಯ ಆಟಗಾರ ಕಾದು ಕಾದು ವಯಸ್ಸು ಕಳೆದುಕೊಂಡ. ಆ ಇಪ್ಪತ್ತೆರಡು ವರ್ಷದ ಚಾಂಪಿಯನ್ನರ ದಾಖಲೆ ಓದುವಾಗ ನನಗೆ ಯಾವಾಗಲೂ ಎದೆ ಭಾರವಾಗುತ್ತದೆ. ಎದುರಿಗೆ ಬರಬೇಕಾದವರಲ್ಲಿ ಅರ್ಧ ಜನರನ್ನು ಬಾಗಿಲ ಹೊರಗೇ ನಿಲ್ಲಿಸಿದ್ದರು.

49 ಆಟ, 49 ಗೆಲುವು. ರಾಕಿ ಮಾರ್ಸಿಯಾನೊಗಿಂತ ದೊಡ್ಡವರು ಇರಲು ಸಾಧ್ಯವೇ? ಕಂಪ್ಯೂಟರ್ ಕೂಡ ಅವನೇ ಅಲಿಯನ್ನು ಸೋಲಿಸುತ್ತಾನೆ ಅಂದಿತ್ತಂತೆ, ನಿಜವೇ?
– ಮಂಗಳೂರಿನ ಓದುಗರು

ಕಂಪ್ಯೂಟರ್ ಕತೆ ನಿಜ. 1967ರಲ್ಲಿ ಅಲಿ ಸೈನ್ಯಕ್ಕೆ ಸೇರಲು ಒಪ್ಪದೆ ಪಟ್ಟ ಕಳೆದುಕೊಂಡಿದ್ದ. ಆಡಲು ಅವಕಾಶವಿಲ್ಲದೆ ಕೂತಿದ್ದ. ಮಾರ್ಸಿಯಾನೊ 1956ರಲ್ಲೇ ನಿವೃತ್ತನಾಗಿದ್ದ. 1969ರಲ್ಲಿ ಇಬ್ಬರನ್ನೂ ಮಯಾಮಿಯ ಒಂದು ಸ್ಟುಡಿಯೊಗೆ ಕರೆಸಿ, ಒಂದೊಂದು ನಿಮಿಷದ ಎಪ್ಪತ್ತಕ್ಕೂ ಹೆಚ್ಚು ತುಣುಕು ಆಡಿಸಿ ಚಿತ್ರ ತೆಗೆದರು. ಬೇರೆ ಬೇರೆ ಮುಕ್ತಾಯಗಳನ್ನೂ ತೆಗೆದಿಟ್ಟರು. ಮಾರ್ಸಿಯಾನೊ ಅದಕ್ಕಾಗಿ ಮೈ ಇಳಿಸಿ, ತಲೆಗೆ ಟೋಪನ್ ಹಾಕಿಕೊಂಡು ಬಂದಿದ್ದ. 1970ರ ಜನವರಿಯಲ್ಲಿ ಥಿಯೇಟರುಗಳಲ್ಲಿ ತೋರಿಸಿದಾಗ ಹದಿಮೂರನೇ ರೌಂಡಿನಲ್ಲಿ ಮಾರ್ಸಿಯಾನೊ ನಾಕೌಟ್ ಮಾಡಿ ಗೆಲ್ಲುತ್ತಾನೆ. ಅಷ್ಟು ಹೊತ್ತಿಗೆ ಅವನೇ ಇರಲಿಲ್ಲ. ಚಿತ್ರೀಕರಣ ಮುಗಿದ ಸ್ವಲ್ಪ ದಿನಕ್ಕೇ, 1969ರ ಆಗಸ್ಟ್ 31ರಂದು, ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ.

ಕಂಪ್ಯೂಟರಿಗೆ ಅಂಕಿ ತುಂಬಿಸಿ ಪಡೆದ ಫಲಿತಾಂಶ ಅದು. ಅದಕ್ಕೆ ನಾನು ಬೆಲೆ ಕೊಡುವುದಿಲ್ಲ. ಮಾರ್ಸಿಯಾನೊಗೆ ಮಾತ್ರ ತುಂಬಾ ಬೆಲೆ ಕೊಡುತ್ತೇನೆ. 1952ರಲ್ಲಿ ಜೆರ್ಸಿ ಜೋ ವಾಲ್ಕಾಟ್ ಎದುರು ಮೊದಲ ರೌಂಡಿನಲ್ಲೇ ಕೆಳಗೆ ಬಿದ್ದ, ಹನ್ನೆರಡು ರೌಂಡ್ ಮುಗಿದಾಗಲೂ ಪಾಯಿಂಟಿನಲ್ಲಿ ಹಿಂದಿದ್ದ, ಹದಿಮೂರನೆಯದರಲ್ಲಿ ಒಂದೇ ಬಲಗೈಯಲ್ಲಿ ಮುಗಿಸಿದ. ಆ ಜೀವಟ ಎಲ್ಲರಿಗೂ ಬರುವುದಿಲ್ಲ. ಆದರೆ ಅವನ ತೂಕ 85 ಕೆ.ಜಿ. ಆಸುಪಾಸು. ಆಗ 79 ಕೆ.ಜಿ. ದಾಟಿದವರೆಲ್ಲ ಹೆವಿವೇಟ್. ಈಗ ಹೆವಿವೇಟ್ ಶುರುವಾಗುವುದೇ ಸುಮಾರು 91 ಕೆ.ಜಿ. ಮೇಲೆ. ಅದರ ಕೆಳಗೆ ಕ್ರೂಸರ್‌ವೇಟ್ ಅಂತ ಬೇರೆಯೇ ವಿಭಾಗ ಇದೆ. ಇವತ್ತು ಮಾರ್ಸಿಯಾನೊ ಅಲ್ಲಿ ಆಡುತ್ತಿದ್ದ, ಅಲ್ಲಿ ಎಲ್ಲರನ್ನೂ ಹೆದರಿಸುತ್ತಿದ್ದ. ಫ್ಯೂರಿಯ ಕೈಗೂ ಅವನ ಕೈಗೂ ಒಂದು ಅಡಿಗಿಂತ ಜಾಸ್ತಿ ವ್ಯತ್ಯಾಸ. ಅಷ್ಟು ದೂರವನ್ನು ಬರೀ ಧೈರ್ಯದಿಂದ ದಾಟಲು ಆಗುವುದಿಲ್ಲ.

ಹಿಂದೆ 15 ರೌಂಡ್ ಆಡುತ್ತಿದ್ದರು, ಈಗ 12. ಅದಕ್ಕೇ ಈಗಿನವರು ಮೆತ್ತಗೆ ಅಂತ ನಮ್ಮ ಶಾಲೆಯ ಹಿರಿಯ ಶಿಕ್ಷಕರು ಹೇಳುತ್ತಾರೆ.
– ದೈಹಿಕ ಶಿಕ್ಷಣ ಶಿಕ್ಷಕಿ, ಹಾಸನ

ಮೇಡಂ, ಆ ಮೂರು ರೌಂಡ್ ಯಾಕೆ ಹೋಯಿತು ಅಂತ ಅವರಿಗೆ ಹೇಳಿ. 1982ರ ನವೆಂಬರ್ 13ರಂದು ಲಾಸ್ ವೇಗಸ್‌ನಲ್ಲಿ ಲೈಟ್‌ವೇಟ್ ವಿಭಾಗದಲ್ಲಿ ರೇ ಮಾನ್ಚಿನಿ ಎದುರು ದಕ್ಷಿಣ ಕೊರಿಯಾದ ಕಿಮ್ ಡುಕ್-ಕೂ ಆಡಿದ. ಹದಿನಾಲ್ಕನೇ ರೌಂಡಿನಲ್ಲಿ ಬಿದ್ದವನು ಮತ್ತೆ ಚೇತರಿಸಿಕೊಳ್ಳಲಿಲ್ಲ. ಕೆಲವೇ ದಿನಗಳಲ್ಲಿ ತೀರಿಕೊಂಡ. ಅದಾದ ಮೇಲೆ ವಿಶ್ವ ಬಾಕ್ಸಿಂಗ್ ಕೌನ್ಸಿಲ್ ಹನ್ನೆರಡಕ್ಕೆ ಇಳಿಸಿತು. ಉಳಿದ ಸಂಸ್ಥೆಗಳೂ ಆ ದಶಕ ಮುಗಿಯುವುದರೊಳಗೆ ಅದೇ ದಾರಿ ಹಿಡಿದವು. ದಣಿದ ಮೈ ಪೆಟ್ಟು ತಿಂದಾಗ ಆಗುವ ಹಾನಿ ಬೇರೆ. ತಲೆ ತಿರುಗಿಸಿಕೊಳ್ಳಲು ಆಗುವುದಿಲ್ಲ, ಪಂಚು ಬರುವುದು ಕಂಡರೂ ಕೈ ಏಳುವುದಿಲ್ಲ.

1975ರ ಅಕ್ಟೋಬರ್ 1ರಂದು ಮನಿಲಾದಲ್ಲಿ ಅಲಿ ಮತ್ತು ಜೋ ಫ್ರೇಜಿಯರ್ ಹದಿನಾಲ್ಕು ರೌಂಡ್ ಆಡಿದರು. ಫ್ರೇಜಿಯರ್‌ನ ಕಣ್ಣು ಊದಿ ಮುಚ್ಚಿಹೋಗಿತ್ತು. ಅವನು ಇನ್ನೊಂದು ರೌಂಡ್ ಆಡುತ್ತೇನೆ ಅಂದ. ಕೋಚ್ ಎಡ್ಡಿ ಫಚ್ ಬಿಡಲಿಲ್ಲ, ಆಟ ನಿಲ್ಲಿಸಿದರು. ಬಾಕ್ಸಿಂಗ್ ಇತಿಹಾಸದಲ್ಲಿ ನನಗೆ ಅತಿ ಹೆಚ್ಚು ಗೌರವ ಇರುವುದು ಆ ನಿರ್ಧಾರದ ಮೇಲೆ. ಅಲಿಗೆ 1984ರಲ್ಲಿ ಪಾರ್ಕಿನ್ಸನ್ ಕಾಯಿಲೆ ಇದೆ ಅಂತ ಗೊತ್ತಾಯಿತು. ಅವನ ಕೈ ನಡುಗುವುದನ್ನು ಟಿ.ವಿ.ಯಲ್ಲಿ ನೋಡಿದವರು ಯಾರೂ ಹದಿನೈದು ರೌಂಡ್ ವಾಪಸ್ ಬರಲಿ ಅನ್ನಲಾರರು.

ಹಳಬರು ಒಂದು ವಿಷಯದಲ್ಲಿ ಮುಂದಿದ್ದರು. ಅವರು ತುಂಬಾ ಆಡುತ್ತಿದ್ದರು. ಜೋ ಲೂಯಿಸ್ 1940ರ ಡಿಸೆಂಬರಿನಿಂದ 1941ರ ಜೂನ್ ತನಕ ಏಳು ತಿಂಗಳಲ್ಲಿ ಏಳು ಸಲ ಪಟ್ಟ ಉಳಿಸಿಕೊಂಡ. ಅಲಿ 1966ರ ಒಂದೇ ವರ್ಷ ಐದು ಸಲ. ಉಸಿಕ್ 2022ರಲ್ಲಿ ಒಂದು ಸಲ ಆಡಿದ, 2023ರಲ್ಲಿ ಒಂದು ಸಲ. ಜಿಮ್ಮಿನಲ್ಲಿ ಎಷ್ಟೇ ಬೆವರು ಸುರಿಸಿದರೂ, ದೀಪದ ಕೆಳಗೆ ನಿಜವಾದ ಎದುರಾಳಿಯ ಮುಂದೆ ಕಲಿಯುವುದೇ ಬೇರೆ. ಈಗಿನವರಿಗೆ ಆ ಕಲಿಕೆ ಕಡಿಮೆ ಸಿಗುತ್ತಿದೆ ಅನ್ನುವುದು ನನ್ನ ಕೊರಗು.

ನನ್ನ ಹದಿಮೂರು ವರ್ಷದ ಮಗ ಮೈಕ್ ಟೈಸನ್ ಮತ್ತು ಜೇಕ್ ಪಾಲ್ ಆಟ ನೋಡಿ "ಟೈಸನ್ ಅಂದರೆ ಇಷ್ಟೇನಾ?" ಅಂದ. ಏನು ಹೇಳಲಿ?
– ಗೃಹಿಣಿ, ಉಡುಪಿ

ಅಮ್ಮಾ, 2024ರ ನವೆಂಬರ್ 15ರಂದು ಟೆಕ್ಸಸ್‌ನಲ್ಲಿ ಆಡಿದ ಟೈಸನ್‌ಗೆ 58 ವರ್ಷ. ಎದುರಿಗಿದ್ದ ಜೇಕ್ ಪಾಲ್ ಯೂಟ್ಯೂಬ್‌ನಿಂದ ಬಾಕ್ಸಿಂಗಿಗೆ ಬಂದವನು, ಅವನಿಗೆ 27. ಎರಡೆರಡು ನಿಮಿಷದ ಎಂಟು ರೌಂಡ್. ಆ ಆಟ ನಡೆಯಬಾರದಿತ್ತು. ನಾನು ಮೂರನೇ ರೌಂಡಿಗೇ ಆಫ್ ಮಾಡಿದೆ. ನೋಡಲು ಆಗಲಿಲ್ಲ.

ಮಗನಿಗೆ 1988ರ ಜೂನ್ 27ರ ಆಟ ತೋರಿಸಿ. ಎದುರಾಳಿ ಮೈಕೆಲ್ ಸ್ಪಿಂಕ್ಸ್, ಅಲ್ಲಿಯ ತನಕ ಒಂದೂ ಸೋಲು ಕಾಣದವನು. ಇಡೀ ಆಟ 91 ಸೆಕೆಂಡ್. ಟೈಸನ್ ಐದು ಅಡಿ ಹತ್ತು ಇಂಚು ಅಷ್ಟೇ, ಆದ್ದರಿಂದ ಅವನ ತಲೆ ಒಂದು ಜಾಗದಲ್ಲಿ ನಿಲ್ಲುತ್ತಲೇ ಇರಲಿಲ್ಲ. ಮೊದಲ ಸಲ ಬರೀ ತಲೆ ನೋಡಲು ಹೇಳಿ, ಎರಡನೇ ಸಲ ಬರೀ ಪಾದ. ಪಂಚುಗಳನ್ನು ಕೊನೆಗೆ ನೋಡಲಿ.

ನಮ್ಮ ದೇಶದವರು ಯಾರಾದರೂ ಇಂಥ ಚಾಂಪಿಯನ್ನರ ಎದುರು ನಿಂತಿದ್ದಾರೆಯೇ?
– ನಿವೃತ್ತ ಕಂಡಕ್ಟರ್, ಬೀದರ್

ನಿಂತಿದ್ದಾರೆ. ಕೌರ್ ಸಿಂಗ್. ಪಂಜಾಬಿನ ಸಂಗ್ರೂರ್ ಕಡೆಯವರು, ಸೇನೆಯ ಹೆವಿವೇಟ್ ಬಾಕ್ಸರ್. 1980ರ ಜನವರಿಯಲ್ಲಿ ಅಲಿ ಭಾರತಕ್ಕೆ ಬಂದಿದ್ದಾಗ ದೆಹಲಿಯಲ್ಲಿ ಅವರ ಜೊತೆ ನಾಲ್ಕು ರೌಂಡ್ ಪ್ರದರ್ಶನ ಪಂದ್ಯ ಆಡಿದರು. ಅಲಿಗೆ ಆಗತಾನೇ 38 ತುಂಬಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಹೋಮ್ಸ್ ಕೈಯಲ್ಲಿ ಸೋತದ್ದು.

ನಾನು ಆ ವರ್ಷವೇ ಸೇನೆಗೆ ಸೇರಿದ್ದು. ಬ್ಯಾರಕ್ಕಿನಲ್ಲಿ ತಿಂಗಳುಗಟ್ಟಲೆ ಅದೇ ಮಾತು. ನಮ್ಮವರೊಬ್ಬರು ಅಲಿಯ ಗ್ಲೌಸ್ ಮುಟ್ಟಿದ್ದಾರೆ ಅಂತ. 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಕೌರ್ ಸಿಂಗ್ ಹೆವಿವೇಟ್ ಚಿನ್ನ ಗೆದ್ದರು. ಆ ರಾತ್ರಿ ನಮ್ಮ ಯೂನಿಟ್ಟಿನಲ್ಲಿ ಯಾರೂ ಬೇಗ ಮಲಗಲಿಲ್ಲ. ಪದ್ಮಶ್ರೀಯೂ ಬಂತು. 2023ರಲ್ಲಿ ತೀರಿಕೊಂಡರು.

ಮೈಸೂರಿನಲ್ಲಿ ನಾನು ಸಂಜೆ ಮಕ್ಕಳಿಗೆ ಕಲಿಸುವ ಶೆಡ್ಡಿನ ಗೋಡೆಯ ಮೇಲೆ, ಪಂಚಿಂಗ್ ಬ್ಯಾಗಿನ ಹಿಂದೆ, ಪೇಪರಿನಿಂದ ಕತ್ತರಿಸಿದ ಅವರಿಬ್ಬರ ಚಿತ್ರ ಇದೆ. ಹೊಸದಾಗಿ ಬಂದ ಮಕ್ಕಳು ಅಲಿಯನ್ನು ಕೂಡಲೇ ಗುರುತಿಸುತ್ತಾರೆ. ಪಕ್ಕದವರು ಯಾರು ಅಂತ ಕೇಳುತ್ತಾರೆ. ಕೈಗೆ ಬ್ಯಾಂಡೇಜ್ ಸುತ್ತುತ್ತಾ ಹೆಸರು ಹೇಳುತ್ತೇನೆ. ಎರಡನೇ ಕೈ ಸುತ್ತುವ ಹೊತ್ತಿಗೆ ಅವರಿಂದಲೇ ಆ ಹೆಸರು ಹೇಳಿಸುತ್ತೇನೆ.